ನೆಲದ ಪಾಲು

ಈ ಸಲದ ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಇಡಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ನಮ್ಮ ಯಜಮಾನರು ಹೋಗಿ ಐದು ತಿಂಗಳು. ಬೀದಿಯಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಓಡಾಡುವ ಮಕ್ಕಳ ಸದ್ದು ಕೇಳುತ್ತಿತ್ತು. ನಾನು ಕೆಲಸ ಮಾಡುವ ಅಂಗನವಾಡಿಗೂ ರಜೆ. ಒಳಗೆ ಕೂತಿರಲಾರದೆ ಬಾಗಿಲೆಳೆದುಕೊಂಡು ಮೊಲದ ಬಾರೆಯ ಕಡೆ ನಡೆದೆ.

ಮೊಲದ ಬಾರೆ ನಮ್ಮ ಜಮೀನು. ಹಳ್ಳಿಮೈಸೂರು ಹೋಬಳಿಯ ನಮ್ಮ ಊರಿಗೆ ಮೂಡಲಲ್ಲಿ, ದನ ಮೇಯುವ ಕಾವಲು ಮುಗಿದು ಹೊಲಗಳು ಶುರುವಾಗುವ ಅಂಚಿನಲ್ಲಿದೆ. ಹದಿನೆಂಟು ಗುಂಟೆ ಇಳಿಜಾರು. ಮಣ್ಣಿಗಿಂತ ಕಲ್ಲೇ ಹೆಚ್ಚು. ಸಂಕ್ರಾಂತಿಯಿಂದ ಈಚೆಗೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಹೋದ ತಿಂಗಳು ಪಹಣಿಯಲ್ಲಿ ಅವರ ಹೆಸರು ಹೋಗಿ ನನ್ನ ಹೆಸರು ಬಂದಿತ್ತು. ಆ ಕಾಗದವನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ಬಿಚ್ಚಿ ನೋಡಲು ಮನಸ್ಸಾಗಿರಲಿಲ್ಲ.

ಬಾರೆ ಹತ್ತುವಾಗ ಸೀರೆಗೆ ‘ಬಂದರೆ’ ಎನ್ನುವ ಕುರುಚಲು ಗಿಡ ತಗುಲಿಕೊಂಡಿತು. ಬಿಡಿಸಿಕೊಳ್ಳಲು ಹೋದಾಗ ಎಲೆ ಅಂಗೈಯಲ್ಲಿ ನುರಿದು, ಕಹಿಯಾದ, ಅಂಟಂಟಾದ ಆ ವಾಸನೆ ಬಂತು. ಒಂಬತ್ತು ವರ್ಷದ ಹಿಂದೆ, ಈ ನೆಲ ಕೊಂಡ ವರ್ಷ, ಅವರು ಸಂಜೆ ಮನೆಗೆ ಬಂದರೆ ಅವರ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ನೋಡಿದರೆ, ಬಾರೆಯ ನಡುವೆ, ಸುತ್ತ ಎಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿರುವ ಕಡೆ, ಎರಡು ಚಾಪೆ ಹಾಸಿದಷ್ಟು ಅಗಲ ಹಸಿರು ಹುರುಳಿ. ನಾನು ಬಿತ್ತಿದ್ದಲ್ಲ. ಬುಡದ ಮಣ್ಣು ಒದ್ದೆಯಾಗಿತ್ತು. ಒದ್ದೆ ಮಣ್ಣಿನಲ್ಲಿ ಕುರಿಯ ಗೊರಸಿನ ಗುರುತಿತ್ತು.

ಯಾರು ಬಿತ್ತಿದರೆಂದು ಆಗ ಗೊತ್ತಾಗಲಿಲ್ಲ. ಯಾಕೆ ಬಿತ್ತಿದರೆಂದು ಮಾತ್ರ ಗೊತ್ತಾಯಿತು. ಅದನ್ನು ಹೇಳಬೇಕಾದರೆ ಆ ವರ್ಷವನ್ನು ಹೇಳಬೇಕು.

ನಮ್ಮ ಯಜಮಾನರು ಪಂಚಾಯಿತಿಯ ನೀರುಗಂಟಿ. ಬೆಳಿಗ್ಗೆ ಐದಕ್ಕೆ ಎದ್ದು ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ಅವರ ಕೆಲಸ. ಯಾವ ಮನೆಯ ನಲ್ಲಿ ಸೋರುತ್ತದೆ, ಯಾವ ಮನೆಯವರು ಪೈಪಿಗೆ ಮೋಟಾರು ಹಾಕಿ ಎಳೆಯುತ್ತಾರೆ ಎನ್ನುವುದೆಲ್ಲ ಅವರಿಗೆ ತಿಳಿದಿತ್ತು, ಯಾರ ಮೇಲೂ ದೂರು ಹೇಳಿದವರಲ್ಲ. ಊರಿನ ಬಾವಿ ಮುಟ್ಟುವಂತಿಲ್ಲದ ಕಾಲದಲ್ಲಿ ಹುಟ್ಟಿದ ನಮ್ಮ ಮಾವನಿಗೆ ಮಗನ ಈ ಕೆಲಸದ ಬಗ್ಗೆ ಒಳಗೊಳಗೆ ಹೆಮ್ಮೆ. ಆದರೆ ಜಮೀನಿರಲಿಲ್ಲ. ಮಾವನಿಗೂ ಇರಲಿಲ್ಲ, ಅವರ ಅಪ್ಪನಿಗೂ ಇರಲಿಲ್ಲ. ನಮ್ಮ ಕೇರಿಯಲ್ಲಿ ಯಾರಿಗೂ ಇರಲಿಲ್ಲ.

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡೂಟ. ಬೇರೆ ಊರುಗಳಲ್ಲಿ ಅಂಗಡಿಯ ಮಾಂಸ ತರುತ್ತಾರೆ. ನಮ್ಮ ಊರಿನಲ್ಲಿ ಗಂಡಸರೆಲ್ಲ ಕಾವಲಿಗೆ ಬೇಟೆಗೆ ಹೋಗುತ್ತಿದ್ದರು. ಮೊಲದ ಬಾರೆಯ ಕೆಳಗಿನ ಅಂಚಿನಲ್ಲಿ ಊರಿನವರು ಬಲೆ ಕಟ್ಟಿ ಕಾಯುವುದು, ನಮ್ಮ ಕೇರಿಯವರು ಮೇಲಿನಿಂದ ತಮಟೆ, ಡಬ್ಬ ಬಡಿಯುತ್ತಾ, ಕೂಗುತ್ತಾ ಪೊದೆ ಬಡಿದು ಮೊಲ ಎಬ್ಬಿಸುವುದು. ಇದಕ್ಕೆ ಸೋವು ಅನ್ನುತ್ತಾರೆ. ಆಮೇಲೆ ಬಾರೆಯ ಬುಡದ ಹಾಸುಬಂಡೆಯ ಮೇಲೆ ಮುತ್ತುಗದ ಎಲೆ ಹರಡಿ ಮಾಂಸವನ್ನು ಪಾಲು ಮಾಡಿ ಗುಡ್ಡೆ ಹಾಕುವುದು. ಬಲೆಯವರಿಗೆ ಒಂದು ಪಾಲು, ನಾಯಿಗೆ ಅರ್ಧ, ಸೋವಿನವರಿಗೆ ದೂರದಲ್ಲಿ ಬೇರೆ ಎಲೆಯ ಮೇಲೆ ಕರುಳು, ಕಾಲು. ಇವೆಲ್ಲಕ್ಕೂ ಮೊದಲು ಒಂದು ತೊಡೆಯನ್ನು ಎತ್ತಿಡುತ್ತಿದ್ದರು. ಅದು ನೆಲದ ಪಾಲು. ಬೇಟೆ ಯಾರ ನೆಲದ ಮೇಲೆ ಬಿತ್ತೋ ಅವರದು. ಅಂಗೈಯಷ್ಟೂ ಇರದ ಮಾಂಸ ಅದು. ಗುಡ್ಡೆ ಹಾಕುವ ಹಿರಿಯರು ಅದನ್ನು ಎಲೆಯ ಮೇಲಿಟ್ಟು ಮೂರು ಸಲ ಕೂಗಿ ಕೇಳಬೇಕು, "ನೆಲ ಯಾರ್ದಪ್ಪಾ?" ನೆಲದವರು "ನಂದು" ಅನ್ನಬೇಕು. ಮೂರು ಸಲಕ್ಕೂ ಯಾರೂ ಅನ್ನದಿದ್ದರೆ ಅದು ದೊಡ್ಡ ಗುಡ್ಡೆಗೆ ಸೇರುತ್ತದೆ.

ಒಂದು ವರ್ಷ ಒಂದು ಮೊಲ ಬಲೆ ತಪ್ಪಿಸಿಕೊಂಡು ಸೋವಿನವರ ಕಡೆಗೇ ತಿರುಗಿ ಬಂದು, ನಮ್ಮ ಮಾವ ಅದರ ಮೇಲೆ ಮೈ ಹಾಕಿ ಹಿಡಿದಿದ್ದರಂತೆ. ಬಿದ್ದದ್ದು ಕಾವಲಿನಲ್ಲಿ, ಅದು ಯಾರದೂ ಅಲ್ಲ. ಹಿರಿಯರು "ನೆಲ ಯಾರ್ದಪ್ಪಾ" ಎಂದು ಕೂಗಿದಾಗ, ಮೈಯಲ್ಲಿ ಇನ್ನೂ ಬೇಟೆಯ ಬಿಸಿ ಇದ್ದ ಮಾವ, ಯೋಚನೆ ಮಾಡದೆ, "ನಂದು ಕಣ್ಬುದ್ಧಿ" ಅಂದುಬಿಟ್ಟರು. ಬಂಡೆಯ ಮೇಲಿದ್ದವರೆಲ್ಲ ನಕ್ಕರು. ಯಾರೋ ಕೇಳಿದರು, "ನಿಂಗೆ ಅಂಗಾಲಗಲ ನೆಲ ಐತೇನ್ಲಾ?" ಮಾವನೂ ತಲೆ ಕೆರೆದುಕೊಂಡು ನಕ್ಕರಂತೆ. ಆ ವರ್ಷವೇ ಮೊದಲ ಸಲ ಸೋವಿಗೆ ಹೋಗಿದ್ದ ನಮ್ಮ ಯಜಮಾನರು ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ನನಗೆ ಇದನ್ನು ಹೇಳಿದ್ದರು. ಆಮೇಲೆ ಹೇಳಿರಲಿಲ್ಲ. ಮರೆತಿರಬೇಕು ಎಂದುಕೊಂಡಿದ್ದೆ.

ನೆಲ ಕೊಂಡ ವರ್ಷ ಆಯುಧಪೂಜೆ ಕಳೆದು ಒಂದು ಸಂಜೆ, ಮುದ್ದೆ ಮುರಿಯುತ್ತಾ ಅವರು ಹೇಳಿದರು, "ರಂಗೇಗೌಡ್ರು ಮೊಲದ್ ಬಾರೆ ಮಾರ್ತಾರಂತೆ ಕಣಮ್ಮಿ. ಉಳೋರಿಲ್ವಂತೆ."

"ಮಾರ್ಲಿ. ನಮಗೇನು?"

"ತಗಳಾನ ಅಂತ."

ನಾವಿಬ್ಬರೂ ಮನೆಯ ಮಾಡು ಬಿಚ್ಚಿಸಿ ತಾರಸಿ ಹಾಕಿಸಬೇಕೆಂದು ಕೂಡಿಟ್ಟುಕೊಂಡು ಬಂದಿದ್ದೆವು. ನಾನು ತಟ್ಟೆಯ ಮೇಲೆ ಸೌಟು ಹಿಡಿದುಕೊಂಡೇ ಕೇಳಿದೆ, "ಆ ಕಲ್ಲಲ್ಲಿ ಏನ್ ಬೆಳೆಯಾಕೆ?"

"ಮೊಲ."

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ಮಾವ ಕೆಮ್ಮಿದರು. ಅವರಿಗೆ ಆಗಲೇ ಕಾಲು ಬಿದ್ದುಹೋಗಿತ್ತು, ಹಾಸಿಗೆಯಲ್ಲೇ ಊಟ. ಮಗ ಹೇಳಿದ್ದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಎರಡು ದಿನ ನಾನು ನಮ್ಮ ಯಜಮಾನರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಮಳೆ ಬಂದು ಮಾಡು ಸೋರಿ, ನಾನು ಪಾತ್ರೆ ಇಡುತ್ತಾ ಹೋದರೆ ಅವರೂ ಹಿಂದೆಯೇ ಬಂದು ಪಾತ್ರೆ ಇಡತೊಡಗಿದರು. "ನೀರ್ ಬುಡೋನ್ ಮನೇಲಿ ನೀರ್ಗೆ ಬರವಿಲ್ಲ ಬುಡು" ಅಂದರು. ನನಗೆ ನಗು ಬಂತು. ನಕ್ಕಮೇಲೆ ಬೇಡ ಅನ್ನುವುದಕ್ಕೆ ಆಗಲಿಲ್ಲ.

ರಂಗೇಗೌಡರು ಊರಿನಲ್ಲಿ ದೊಡ್ಡ ಜಮೀನಿನವರು. ಅವರ ಮನೆಗೆ ಕೇಳಲು ಹೋದಾಗ ಇವರು ನನ್ನನ್ನೂ ಕರೆದುಕೊಂಡು ಹೋದರು. ಅಂಗಳದಲ್ಲಿ ನಿಂತೆವು. ಗೌಡರು ಜಗಲಿಯಲ್ಲಿ ಶುಂಠಿಯ ಮಣ್ಣು ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಅವರ ತಮ್ಮನ ಮಗ ಲೋಕೇಶ ಮೊಬೈಲು ಹಿಡಿದು ನಿಂತಿದ್ದ.

"ಅದ್ರಲ್ಲಿ ಉಳ್ಳಿಕಾಳೂ ನೆಟ್ಟಗೆ ಬರಾಕಿಲ್ಲ ಕಣ್ಲಾ ಸಿದ್ದ" ಅಂದರು ಗೌಡರು. "ಆಮೇಲೆ ಗೌಡ ಕಲ್ಲು ಕೊಟ್ಟು ಕಾಸು ಈಸ್ಕಂಡ ಅಂತ ಊರೆಲ್ಲ ಹೇಳ್ಕಂಡ್ ತಿರುಗ್ಬುಟ್ಟೀಯ."

"ಇಲ್ಲ ಗೌಡ್ರೆ. ಕಲ್ಲು ಅಂತ ಗೊತ್ತಿದ್ದೇ ತಗತಿರದು."

ಲೋಕೇಶ ಮೊಬೈಲಿನಿಂದ ತಲೆಯೆತ್ತಿದ. "ದೊಡ್ಡಪ್ಪ, ಅದು ಬಲೆ ಕಟ್ಟೋ ಜಾಗ. ಅದ್ನ ಕೊಟ್ಬುಟ್ರೆ ನಾಳೆ ಹೊಸ್ತೊಡಕಿಗೆ ಬಲೆ ಕಟ್ಟಾಕೆ ಇವ್ರನ್ನ ಕೇಳ್ಕಂಡ್ ನಿಂತ್ಕಬೇಕಾ?"

ಗೌಡರು ಕೈಯಲ್ಲಿದ್ದ ಶುಂಠಿಯನ್ನು ಬುಟ್ಟಿಗೆ ಹಾಕಿ ನಮ್ಮ ಯಜಮಾನರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಲೆಕ್ಕ ತಾಳೆಯಾದವರ ಹಾಗೆ ತಲೆ ಆಡಿಸಿದರು. "ಕೇಳುದ್ರಾಯ್ತು. ಬಾಯಿ ಐತಲ್ಲ" ಅಂದರು. ಒಳಗಿನಿಂದ ಅವರ ಹೆಂಡತಿ, "ಕೊಡಿ ಅತ್ಲಾಗೆ. ನಲ್ಲೀಲಿ ನೀರ್ ಬರ್ದೇ ಇದ್ರೆ ಓಡ್ಬರೋನು ಅವ್ನೊಬ್ನೇಯ" ಅಂದರು.

ಹೊಳೆನರಸೀಪುರದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಗೌಡರೂ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಫೋಟೊ ತೆಗೆಯುವಾಗ ನಮ್ಮ ಯಜಮಾನರು ಎಷ್ಟು ಬಿಗಿಯಾಗಿ ಕೂತರೆಂದರೆ, ಕಂಪ್ಯೂಟರಿನ ಹುಡುಗಿ "ಉಸಿರಾಡಿ ಸಾರ್" ಅಂದಳು. ಅವರನ್ನು ಯಾರಾದರೂ ಸಾರ್ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಕ್ರಯಪತ್ರದಲ್ಲಿ ಈಗಲೂ ಆ ಫೋಟೊ ಇದೆ, ಕಣ್ಣು ಅಷ್ಟಗಲ. ಸರ್ವೆಯವರು ಬಂದು ನಾಲ್ಕು ಮೂಲೆಗೂ ಕಲ್ಲು ನೆಟ್ಟು ಹೋದ ಮೇಲೆ, ಚಪ್ಪಲಿಯನ್ನು ಆಚೆ ಬಿಟ್ಟು, ಬರಿಗಾಲಿನಲ್ಲಿ ನಾಲ್ಕೂ ಕಲ್ಲಿನ ಸುತ್ತ ನಡೆದು ಬಂದರು. ಕಾಲಿಗೆ ಮುಳ್ಳು ಚುಚ್ಚಿತ್ತು. ನಾನು ಪಿನ್ನಿನಿಂದ ತೆಗೆಯುತ್ತಿದ್ದರೆ ಅವರು ಅಂಗಾಲನ್ನೇ ನೋಡುತ್ತಾ ಕೂತಿದ್ದರು. ಆಗ ನನಗೆ ಮಾವನ ಮೊಲದ ಕಥೆ ನೆನಪಾಯಿತು. ಮರೆತಿದ್ದವಳು ನಾನು.

ಅಲ್ಲಿಂದ ಮುಂದೆ ಅವರು ಮಾಡಿದ್ದು ಊರಿಗೆಲ್ಲ ನಗೆ. ನೆಲ ಕೊಂಡವರು ಮೊದಲು ಗಿಡ ಕಡಿಯುತ್ತಾರೆ. ಇವರು ಒಂದು ಬಂದರೆ ಗಿಡವನ್ನೂ ಕಡಿಯಲಿಲ್ಲ, ಮೊಲಕ್ಕೆ ಮರೆ ಬೇಕೆಂದು. ದಿನಾ ಸಂಜೆ ಹೋಗಿ ಹಿಕ್ಕೆ ನೋಡಿ ಬಂದು, "ಇವತ್ತು ಎರಡು ಬಂದಿದ್ವು" ಎಂದು ನನಗೆ ವರದಿ. ಶಿವರಾತ್ರಿ ಕಳೆದ ಮೇಲೆ ಬಾರೆಯ ನಡುವೆ ಕಲ್ಲು ಆಯ್ದು ಎರಡು ಚಾಪೆಯಗಲ ಜಾಗ ಮಾಡಿ ಹುರುಳಿ ಬಿತ್ತಿದರು. ಆ ಬಿಸಿಲಿನಲ್ಲಿ ಹುರುಳಿ ಹೇಗೆ ಬರುತ್ತದೆ? ಟ್ಯಾಂಕಿನ ವಾಲ್ವಿನಿಂದ ಯಾವಾಗಲೂ ಒಂದಿಷ್ಟು ನೀರು ತೊಟ್ಟಿಕ್ಕುತ್ತದೆ. ಅದರ ಕೆಳಗೆ ಕೊಡ ಇಟ್ಟು, ತುಂಬಿದ್ದನ್ನು ಕ್ಯಾನಿಗೆ ಸುರಿದು, ಮೊಪೆಡ್ಡಿನ ಮೇಲೆ ಬಾರೆಗೆ ಒಯ್ಯುತ್ತಿದ್ದರು. ಸುತ್ತ ಎಲ್ಲ ಸುಟ್ಟುಹೋಗಿರುವಾಗ ಅಲ್ಲಿ ಮಾತ್ರ ಹಸಿರು.

ಗುಡ್ಡೆ ಹಾಕುವ ಹಿರಿಯರಾದ ತಮ್ಮಯ್ಯನವರು ಒಂದು ದಿನ ನಮ್ಮ ಕೇರಿಯ ತುದಿಯಲ್ಲಿ ನಿಂತು ಹೇಳಿದರು, "ಬೆಳೆಗೆ ಬೇಲಿ ಆಕೋರ್ನ ನೋಡಿದ್ದೆ ಕಣ್ಲಾ. ಮೊಲಕ್ಕೆ ಊಟಕ್ಕಿಕ್ಕೋನ್ನ ಇವತ್ತು ನೋಡ್ದೆ."

"ನೆಂಟ್ರನ್ನ ಕರೀಬೇಕಾದ್ರೆ ಇಕ್ಬೇಕಲ್ಲ ತಮ್ಮಯ್ನೋರೆ" ಅಂದರು ಇವರು.

ಯುಗಾದಿಗೆ ಒಂಬತ್ತು ದಿನವಿತ್ತು. ಅರಣ್ಯ ಇಲಾಖೆಯ ಜೀಪು ಊರಿಗೆ ಬಂತು. ಹಿಂದಿನ ವರ್ಷ ಪಕ್ಕದ ಊರಿನವರು ಸತ್ತ ಮೊಲಗಳನ್ನು ಸಾಲಾಗಿ ಜೋಡಿಸಿ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿಕೊಂಡಿದ್ದರಂತೆ. ಆ ಊರಿನ ಮೇಲೆ ಕೇಸಾಗಿತ್ತು. ಬಂದವರು ಜೋರು ಮಾಡಲಿಲ್ಲ. ಎಲ್ಲರನ್ನೂ ಕೂರಿಸಿ, ಮೊಲ ಹಿಡಿಯುವುದು ಅಪರಾಧ, ಹಬ್ಬ ಅಂತ ಬಿಡುವುದಕ್ಕಾಗುವುದಿಲ್ಲ ಎಂದು ತಿಳಿಸಿ ಹೇಳಿದರು. ತಮ್ಮಯ್ಯನವರ ಅಟ್ಟದಿಂದ ಬಲೆಗಳನ್ನು ಇಳಿಸಿಕೊಂಡು ಜೀಪಿಗೆ ಹಾಕಿದರು.

ಗುಂಪಿನಲ್ಲಿದ್ದ ನಮ್ಮ ಯಜಮಾನರು ಎದ್ದು ನಿಂತು ಕೇಳಿದರು, "ಸಾ, ನಮ್ದೇ ಜಮೀನು, ನಮ್ ಹೆಸ್ರಲ್ಲೇ ಪಹಣಿ ಐತೆ. ಅದ್ರಲ್ಲಿ ಬಿದ್ರೆ?"

"ಜಮೀನು ನಿಮ್ಮದು. ಮೊಲ ನಿಮ್ಮದಲ್ಲವಲ್ಲ" ಅಂದರು ಆ ಅಧಿಕಾರಿ. ವ್ಯಂಗ್ಯದಿಂದ ಅಂದದ್ದಲ್ಲ. ಆದರೂ ಹಿಂದೆ ಕೂತಿದ್ದವರು ಕಿಸಕ್ಕೆಂದರು.

ಅವತ್ತು ಸಂಜೆ ಅವರು ಬಾರೆಗೆ ಹೋಗಲಿಲ್ಲ. ಮಾವನ ಹಾಸಿಗೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಬೇಟೆಗೆಂದು ನೆಲ ಕೊಂಡ ವರ್ಷವೇ ಬೇಟೆ ನಿಂತಿತ್ತು. ನನಗೆ ತಾರಸಿಯ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮಗಳು ಪವಿತ್ರ ಆಗ ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಫೋನಿನಲ್ಲಿ ವಿಷಯ ಹೇಳಿದರೆ, "ಮೊಲಕ್ಕಾದರೂ ಒಳ್ಳೇದಾಯ್ತು ಬಿಡಮ್ಮ" ಅಂದಳು. ಅದೂ ನಿಜವೇ. ಬಾರೆಗೆ ದಿನಾ ಎರಡು ನೆಂಟರು ಬರುವುದು ತಪ್ಪಲಿಲ್ಲ.

ಮಾರನೇ ದಿನ ಊರಿನವರು ಸೇರಿದರು. ಹೊಸತೊಡಕಿಗೆ ಏನು ಮಾಡುವುದು? ಕೋಳಿ ತಂದು ಮನೆಮನೆಯಲ್ಲಿ ಮಾಡಿಕೊಳ್ಳೋಣ ಎಂದರು ಕೆಲವರು. ತಮ್ಮಯ್ಯನವರು ಒಪ್ಪಲಿಲ್ಲ. "ಗುಡ್ಡೆ ಇಲ್ದಿದ್ ಮೇಲೆ ಅದೆಂಥ ಹೊಸ್ತೊಡಕು? ಕೋಳಿ ದಿನಾ ತಿಂತೀವಿ." ಕಡೆಗೆ ಎಲ್ಲರೂ ಸೇರಿ ಒಂದು ಟಗರು ತರುವುದು, ಅವತ್ತು ಬೆಳಿಗ್ಗೆ ಕಾವಲಿನ ಮೇಲಿನಿಂದ ಅದನ್ನು ಬಿಟ್ಟು, ತಮಟೆ ಬಡಿದು ಓಡಿಸಿ, ಎಲ್ಲಿ ಸಿಕ್ಕುತ್ತದೋ ಅಲ್ಲೇ ಬೇಟೆ ಬಿತ್ತೆಂದು ತಿಳಿಯುವುದು ಎಂದು ತೀರ್ಮಾನವಾಯಿತು. ಕೊಣನೂರು ಸಂತೆಯಿಂದ ಕಪ್ಪು ಮುಖದ ಟಗರು ಬಂತು. ಹಬ್ಬದವರೆಗೆ ಅದನ್ನು ಯಾರು ನೋಡಿಕೊಳ್ಳುವುದು ಎಂದಾಗ ನಮ್ಮ ಯಜಮಾನರು, "ನಾನ್ ಮೇಯಿಸ್ಕತೀನಿ" ಅಂದರು.

ಅವತ್ತೇ ಸಂಜೆ ಟಗರು ಮೊಲದ ಬಾರೆಯಲ್ಲಿ ಹಸಿರು ಹುರುಳಿ ತಿನ್ನುತ್ತಿತ್ತು. ಮಾರನೇ ದಿನವೂ. ಅದರ ಮಾರನೇ ದಿನ, ಹಗ್ಗ ಬಿಚ್ಚಿದರೆ ಸಾಕು, ಇವರಿಗಿಂತ ಮುಂದೆ ತಾನೇ ಬಾರೆಯ ದಾರಿ ಹಿಡಿಯತೊಡಗಿತು. ನಾನು, "ಇದು ಸರೀನಾ?" ಎಂದು ಕೇಳಿದೆ. ಅವರು ಟಗರಿನ ಕಿವಿ ಸವರುತ್ತಾ, "ಮೇಯ್ಸು ಅಂದ್ರು, ಮೇಯಿಸ್ತಾ ಇವ್ನಿ" ಅಂದರು. ನನ್ನ ಕಣ್ಣು ನೋಡಲಿಲ್ಲ.

ಹೊಸತೊಡಕಿನ ಬೆಳಿಗ್ಗೆ ಹೆಂಗಸರು ದಾರಿಯ ಆಚೆ ನಿಂತು ನೋಡುವುದು ವಾಡಿಕೆ. ನಾನೂ ನಿಂತಿದ್ದೆ. ಮೇಲಿನಿಂದ ಟಗರನ್ನು ಬಿಟ್ಟರು. ತಮಟೆಯ ಸದ್ದಿಗೆ ಹೆದರಿ ಅದು ಮೊದಲು ರಂಗೇಗೌಡರ ಶುಂಠಿ ಹೊಲದ ಕಡೆಗೇ ಓಡಿತು. ಹೊಲದ ಅಂಚಿನಲ್ಲಿ ಒಂದು ಕ್ಷಣ ನಿಂತಿತು. ಮೂಗೆತ್ತಿತು. ಆಮೇಲೆ ತಿರುಗಿ, ಇಷ್ಟೊಂದು ಜನ ಕೂಗುತ್ತಿದ್ದಾರೆನ್ನುವುದನ್ನೇ ಮರೆತ ಹಾಗೆ, ನೆಟ್ಟಗೆ ಮೊಲದ ಬಾರೆ ಹತ್ತಿ, ಹುರುಳಿಗೆ ಬಾಯಿ ಹಾಕಿ ನಿಂತುಬಿಟ್ಟಿತು. ಓಡಿ ಬಂದವರು ಏದುಸಿರು ಬಿಡುತ್ತಾ ಸುತ್ತ ನಿಂತರು. ಅದು ತಲೆಯನ್ನೂ ಎತ್ತಲಿಲ್ಲ. ಯಾರಿಗೆ ಮೊದಲು ನಗು ಬಂತೋ, ಬಾರೆಯೆಲ್ಲ ನಗೆಯಾಯಿತು.

ಲೋಕೇಶ ಮಾತ್ರ ನಗಲಿಲ್ಲ. ಹಾಸುಬಂಡೆಯ ಮೇಲೆ ಎಲೆ ಹರಡಿ, ತಮ್ಮಯ್ಯನವರು ತೊಡೆಯ ಮಾಂಸ ಎತ್ತಿಟ್ಟಾಗ ಅವನು ಅಡ್ಡ ಬಂದ. "ಇದು ಮೋಸ. ಟಗರ್ಗೆ ಎಂಟು ದಿನ ಉಳ್ಳಿ ತಿನ್ಸಿ ರೂಢಿ ಮಾಡವ್ನೆ. ನೆಲದ್ ಪಾಲು ಇಲ್ಲ ಈ ಸಲ."

ನಮ್ಮ ಯಜಮಾನರು ತಲೆ ತಗ್ಗಿಸಿದರು. ಅಲ್ಲಿ ಇಲ್ಲವೆಂದು ಹೇಳುವಂತೆಯೂ ಇರಲಿಲ್ಲ. ನಮ್ಮ ಕೇರಿಯವರು ದೂರದ ತಮ್ಮ ಎಲೆಯ ಹತ್ತಿರ ನಿಂತಿದ್ದರು. ತಮ್ಮಯ್ಯನವರು ರಂಗೇಗೌಡರ ಕಡೆ ನೋಡಿದರು.

ಗೌಡರು ಬಂಡೆಯ ಅಂಚಿಗೆ ಕೋಲೂರಿ ಕೂತಿದ್ದರು. "ಲೇ ಲೋಕ" ಅಂದರು, "ನಮ್ಮ ತಾತ ಪ್ರತಿವರ್ಸ ಯುಗಾದಿ ಮುಂಚೆ ಅದೇ ಬಾರೇಲಿ ಮೊಲಕ್ಕೆ ಅವರೆಕಾಳು ಚೆಲ್ಲೋನು. ನಾನೂ ಚೆಲ್ಲಿವ್ನಿ. ವರ್ಸಾವರ್ಸ ನೆಲದ್ ಪಾಲು ನಮ್ಮನೆಗೆ ಸುಮ್ ಸುಮ್ಕೆ ಬತ್ತಿತ್ತು ಅನ್ಕಂಡಿದ್ದೇನ್ಲಾ? ಆ ಬಾಡು ತಿಂದೇ ಬೆಳ್ದಿರೋದು ನೀನು." ಆಮೇಲೆ ತಮ್ಮಯ್ಯನವರಿಗೆ, "ಕೂಗು" ಅಂದರು.

"ನೆಲ ಯಾರ್ದಪ್ಪಾ?"

ನಮ್ಮ ಯಜಮಾನರ ಬಾಯಿ ತೆರೆಯಿತು, ಮಾತು ಬರಲಿಲ್ಲ.

"ನೆಲ ಯಾರ್ದಪ್ಪಾ?"

ಎರಡನೇ ಸಲವೂ ಬರಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಬೀದಿಯಲ್ಲಿ "ನೀರು ಬಂತೂ" ಎಂದು ಕೂಗುತ್ತಿದ್ದ ಗಂಟಲು. ದಾರಿಯ ಆಚೆ ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಮೂರನೆಯದು ತಪ್ಪಿದರೆ ಗುಡ್ಡೆಗೆ ಹೋಗುತ್ತದೆ.

ಗೌಡರು ಕೋಲಿನ ತುದಿಯಿಂದ ಅವರ ಕಾಲನ್ನು ಮೆಲ್ಲಗೆ ತಿವಿದರು. "ಬಾಯ್ಬುಡ್ಲಾ. ನೋಂದಣಿ ಮಾಡ್ಕೊಡಾಕೆ ನಾನೇ ಬಸ್ ಅತ್ಕಂಡ್ ಬಂದಿದ್ದೆ."

"ನೆಲ ಯಾರ್ದಪ್ಪಾ?"

"ನಂದು" ಅಂದರು. ಹತ್ತಿರದವರಿಗಷ್ಟೇ ಕೇಳಿಸಿರಬೇಕು. ತುಟಿ ಆಡಿದ್ದು ನನಗೆ ಕಂಡಿತು.

ಮುತ್ತುಗದ ಎಲೆಯಲ್ಲಿ ಸುತ್ತಿದ್ದನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ತಂದರು. ಅದರಲ್ಲಿ ಕೇರಿಯ ಎಲ್ಲ ಮನೆಗೂ ಒಂದೊಂದು ಚೂರು ಕೊಟ್ಟುಬಾ ಎಂದರು. ಕೊಟ್ಟು ಬಂದಾಗ ನಮಗೆ ಉಳಿದದ್ದು ಎರಡು ಚೂರು. ಸಾರು ಮಾಡಿದೆ. ಹಲ್ಲಿಲ್ಲದ ಮಾವನಿಗೆ ಅವರೇ ಮಾಂಸ ಹಿಸುಕಿ, ಮುದ್ದೆಯ ಜೊತೆ ಬಾಯಿಗಿಟ್ಟರು.

"ಯಾರ್ ನೆಲದ್ದು?" ಎಂದು ಕೇಳಿದರು ಮಾವ. ಅವರಿಗೆ ಎಲ್ಲ ತಿಳಿದಿತ್ತು ಎಂದು ನನಗೆ ಆಗ ಗೊತ್ತಾಯಿತು.

"ನಮ್ದು ಕಣಪ್ಪ."

ಮಾವ ಬಹಳ ಹೊತ್ತು ಬಾಯಾಡಿಸಿದರು. ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪು ಕಮ್ಮಿ ಆಗದೆ ಕಣವ್ವ" ಅಂದರು. ಅವರು ಅದೇ ಮಳೆಗಾಲದಲ್ಲಿ ಹೋದರು.

ಆಮೇಲಿನ ವರ್ಷಗಳಲ್ಲಿ ಟಗರು ಒಂದೊಂದು ಸಲ ಒಂದೊಂದು ಕಡೆ ಓಡಿತು. ಎಲ್ಲರೂ ಕಲಿತುಬಿಟ್ಟಿದ್ದರು, ಹೊಸತೊಡಕಿನ ಹೊತ್ತಿಗೆ ಅರ್ಧ ಊರಿನ ಹೊಲದಲ್ಲಿ ಏನಾದರೊಂದು ಹಸಿರು. ನಮ್ಮ ಬಾರೆಗೆ ಇನ್ನೆರಡು ಸಲ ಬಂತು. ಸೋವಿನವರ ಎಲೆ ಬಂಡೆಯ ಮೇಲಕ್ಕೆ ಬಂದದ್ದು ಯಾವ ವರ್ಷ ಎಂದು ನನಗೆ ಸರಿಯಾಗಿ ನೆನಪಿಲ್ಲ. ಯಾರೂ ಹೇಳಿ ಮಾಡಿದ್ದಲ್ಲ. ಬಲೆ ಇಲ್ಲದ ಮೇಲೆ ಸೋವಿಗೆ ಎಲ್ಲರೂ ಹೋಗುತ್ತಿದ್ದುದರಿಂದ ಎಲೆ ಬೇರೆ ಹಾಕುವುದು ಯಾರಿಗೆ ಎಂದು ತಿಳಿಯದೆ ಹೋಗಿರಬೇಕು. ತಾರಸಿಯನ್ನೂ ನಿಧಾನವಾಗಿ ಹಾಕಿಸಿದೆವು. ರಂಗೇಗೌಡರು ಎರಡು ವರ್ಷದ ಕೆಳಗೆ ತೀರಿಕೊಂಡರು. ಹೋದ ಕಾರ್ತಿಕದಲ್ಲಿ ಇವರಿಗೆ ಕಾಮಾಲೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಪವಿತ್ರ ಅಲ್ಲೇ ಕೆಲಸದಲ್ಲಿರುವವಳು, ಅವಳ ಮುಖ ನೋಡಿಯೇ ನನಗೆ ಎಲ್ಲ ಗೊತ್ತಾಗಿತ್ತು. ಕೊನೆಯ ದಿನಗಳಲ್ಲಿ ಅವರು ವಾಲ್ವ್ ಬಗ್ಗೆ ಮಾತಾಡುತ್ತಿದ್ದರು, ಮೂರನೇ ಬೀದಿಗೆ ನೀರು ಹೋಯಿತಾ ಎಂದು. ಹೋಯಿತು ಎಂದು ಹೇಳುತ್ತಿದ್ದೆ.

ಈ ಸಲದ ಹೊಸತೊಡಕಿಗೆ ಹೋಗಬಾರದೆಂದೇ ಇದ್ದೆ. ಆದರೆ ಯುಗಾದಿಯ ದಿನ ಆ ಹಸಿರು ಕಂಡ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹಬ್ಬ ಮಾಡಬಾರದು, ಸರಿ. ಆದರೆ ನನ್ನ ನೆಲದಲ್ಲಿ ನಾನು ನಿಲ್ಲಬಾರದು ಎಂದು ಎಲ್ಲೂ ಇಲ್ಲವಲ್ಲ. ಬೆಳಿಗ್ಗೆ ಬೇಗ ಹೋಗಿ ಬಾರೆಯ ಮೂಲೆಕಲ್ಲಿನ ಹತ್ತಿರ ನಿಂತೆ. ಬಂದರೆ ಗಿಡದ ಪೊದೆಯ ಹಿಂದೆ ಮೊಪೆಡ್ಡಿನ ಸದ್ದು ಕೇಳಿಸಿತು. ಎರಡು ಕ್ಯಾನು ನೇತುಹಾಕಿಕೊಂಡು ಲೋಕೇಶ ಬಂದ. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನನ್ನನ್ನು ನೋಡಿ, ಕದ್ದು ಸಿಕ್ಕಿಬಿದ್ದವನ ಹಾಗೆ ಕಾಲೂರಿ ನಿಂತ.

"ಇವತ್ತೊಂದಿನ ಬ್ಯಾಡ ಅನ್ಕಂಡೆ. ಬಿಸ್ಲಿಗೆ ಬಾಡೋದ್ರೆ ಅಂತ..." ಅಂದ. ಕ್ಯಾನು ಇಳಿಸಿ ಹುರುಳಿಗೆ ನೀರು ಹಾ­ಕಿದ. "ವಾಲ್ವ್ ನೀರೇ ಕಣಕ್ಕ. ಈಗ್ಲೂ ತೊಟ್ಟಿಕ್ತದೆ."

"ಟಗರು ನಿಮ್ಮನೇಲೇ ಇತ್ತಾ?"

"ಊಂ."

"ಇದು ಮೋಸ ಅಲ್ವಾ?" ಎಂದು ಕೇಳಿದೆ. ಐದು ತಿಂಗಳಲ್ಲಿ ನಾನು ಆಡಿದ ಮೊದಲ ತಮಾಷೆಯ ಮಾತು ಅದು.

ಅವನು ಖಾಲಿ ಕ್ಯಾನಿನ ಮುಚ್ಚಳ ತಿರುಗಿಸುತ್ತಾ, "ದೊಡ್ಡಪ್ಪ ಅವತ್ತು ಅಂಗಂದ್ಮೇಲೆ ನಂಗೆ ಮೂರು ದಿನ ಮುದ್ದೆ ಇಳೀಲಿಲ್ಲ ಕಣಕ್ಕ" ಅಂದ. ಮೊಪೆಡ್ಡು ತಿರುಗಿಸಿಕೊಂಡು ಹೋದ.

ತಮಟೆ ಶುರುವಾಯಿತು. ಟಗರು ಎಲ್ಲೂ ನಿಲ್ಲದೆ, ಬೇರೆಯವರ ಹಸಿರನ್ನೆಲ್ಲ ದಾಟಿಕೊಂಡು ಬಾರೆಗೆ ಬಂತು. ನನ್ನಿಂದ ಮಾರು ದೂರದಲ್ಲಿ ಹುರುಳಿಗೆ ಬಾಯಿ ಹಾಕಿತು. ಅದರ ಬೆನ್ನ ಮೇಲೆ ಕೈಯಿಟ್ಟೆ, ಬಿಸಿಯಾಗಿತ್ತು. ಗಂಡಸರು ಬಂದು ಹಿಡಿದುಕೊಂಡು ಹೋದರು. ನಾನು ಮೂಲೆಕಲ್ಲು ಹಿಡಿದು ಅಲ್ಲೇ ನಿಂತಿದ್ದೆ. ಕೆಳಗೆ ಬಂಡೆಯ ಮೇಲೆ ಎಲೆ ಹರಡುವುದು ಕಾಣುತ್ತಿತ್ತು. ತಮ್ಮಯ್ಯನವರಿಗೆ ಈಗ ಕಣ್ಣು ಕಾಣುವುದಿಲ್ಲ, ಪಕ್ಕದಲ್ಲಿ ಕೂತಿರುತ್ತಾರೆ. ಗುಡ್ಡೆ ಹಾಕುವವನು ಲೋಕೇಶ. ಅವನು ತೊಡೆಯ ಮಾಂಸವನ್ನು ಎಲೆಯ ಮೇಲಿಟ್ಟು ಎದ್ದು ನಿಂತ. ಗಂಡಸರ ಗುಂಪಿನ ಕಡೆ ನೋಡಲಿಲ್ಲ. ಬಾರೆಯ ಮೇಲೆ, ನನ್ನ ಕಡೆ ನೋಡಿ ಕೂಗಿದ.

"ನೆಲ ಯಾರ್ದಕ್ಕಾ?"

ಹಾಗೆ ಕೂಗಿದ್ದನ್ನು ನಮ್ಮ ಊರಿನಲ್ಲಿ ಯಾರೂ ಕೇಳಿರಲಿಲ್ಲ. ತಮ್ಮಯ್ಯನವರು ತಲೆಯೆತ್ತಿ ಸದ್ದು ಹೋದ ಕಡೆ ಕಿವಿ ಕೊಟ್ಟರು. ಎಲ್ಲರೂ ಮೇಲೆ ನೋಡಿದರು. ನಮ್ಮ ಯಜಮಾನರು ಮೂರನೇ ಸಲದವರೆಗೆ ಕಾದಿದ್ದರು. ನಾನು ಕಾಯಲಿಲ್ಲ.

"ನಂದು" ಅಂದೆ. ದಾರಿಯ ಆಚೆ ನಿಂತಿದ್ದ ಹೆಂಗಸರಿಗೂ ಕೇಳಿಸುವ ಹಾಗೆ.